ಮನೆ ನೋಡುವ ಶಾಸ್ತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆ ಕೊಳ್ಳುವವನಿಗೆ ಯಾವ ಎಚ್ಚರಿಕೆಯನ್ನೂ ಹೇಳಿ ಹೋಗಲಿಲ್ಲ. ಅವರ ಕಾಲದಲ್ಲಿ ಮನೆಯೆಂಬುದು ತಾನೇ ಕಟ್ಟುವ ವಸ್ತು, ಇಲ್ಲವೇ ತಂದೆಯಿಂದ ಬರುವ ವಸ್ತು. ಇಂದು ಪೇಟೆಯ ಗೃಹಸ್ಥನು ಇನ್ನೊಬ್ಬರು ಕಟ್ಟಿದ ಮನೆಯನ್ನು ಜೀವಮಾನದ ಗಳಿಕೆ ಸುರಿದು ಕೊಳ್ಳುತ್ತಾನೆ. ಹತ್ತು ರೂಪಾಯಿಯ ಕುಂಬಳಕಾಯಿಯನ್ನು ನಾಲ್ಕು ಬಾರಿ ಬೆರಳಿನಿಂದ ತಟ್ಟಿ ನೋಡುವ ಈತನೇ ಲಕ್ಷಗಟ್ಟಲೆ ಬೆಲೆಯ ಗೋಡೆಯನ್ನು ಒಮ್ಮೆಯೂ ತಟ್ಟುವುದಿಲ್ಲ. ಹೆಣ್ಣು ನೋಡುವುದಕ್ಕೆ ಶಾಸ್ತ್ರವುಂಟು. ಮನೆ ನೋಡುವ ಶಾಸ್ತ್ರವು ಮಾತ್ರ ಚಹ ಕುಡಿದು ಹಿತ್ತಲಲ್ಲಿ ಒಂದು ಸುತ್ತು ಹಾಕುವುದರೊಳಗೇ ಮುಗಿದುಹೋಗುತ್ತದೆ.

ಧಾರವಾಡದ ಸಪ್ತಾಪುರವನ್ನೇ ತೆಗೆದುಕೊಳ್ಳಿ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ನೆರೆಯ ಈ ಬಡಾವಣೆಯಲ್ಲಿ ಹೆಂಚಿನ ಸೂರು, ಅಂಗಳದ ಪೇರಲಗಿಡ, ಮುಂಬಾಗಿಲ ಕಟ್ಟೆ ಇವುಗಳಿಂದ ಕೂಡಿದ ಹಳೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆದರೆ ಸಪ್ತಾಪುರವು ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಪೇಟೆ. ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಇಲ್ಲಿ ಓದುತ್ತ ವರುಷಗಟ್ಟಲೆ ನಿಲ್ಲುತ್ತಾರೆ. ಅವರಿಗೆ ಕೋಣೆಗಳು ಬೇಕು. ಮನೆಯೊಡೆಯರಿಗೆ ಬಾಡಿಗೆ ಬೇಕು. ಹೀಗಾಗಿ ಒಂದಂತಸ್ತಿಗೆಂದು ಹಾಕಿದ ಬುನಾದಿಯ ಮೇಲೆ ಎರಡನೆಯದು ಏರುತ್ತದೆ, ಅದರ ಮೇಲೆ ತಗಡಿನ ಷೆಡ್ಡು ಕೂಡುತ್ತದೆ. ಕೆಳಗಿನ ಗೋಡೆಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಇಂತಹದೊಂದು ಮನೆಯ ಮೇಲೆ ನಿವೃತ್ತ ಮಾಸ್ತರರೊಬ್ಬರ ಕಣ್ಣು ಬಿದ್ದಿತು. ಮೂವತ್ತೈದು ವರುಷ ಬಾಡಿಗೆ ಮನೆಗಳಲ್ಲಿ ಕಳೆದವರು. ನಿವೃತ್ತಿಯ ಗಂಟೊಂದೇ ಅವರ ಸರ್ವಸ್ವ. ಮೊದಲು ವಕೀಲರು ಬಂದು ಉತಾರ, ಖರೀದಿ ಪತ್ರ, ಇ.ಸಿ. ಎಲ್ಲವನ್ನೂ ನೋಡಿ, ಕಾಗದಪತ್ರಗಳು ಸ್ವಚ್ಛವೆಂದರು. ತರುವಾಯ ವಾಸ್ತುವಿನವರು ಬಂದು, ಅಡಿಗೆಯ ಒಲೆಯನ್ನು ಎರಡು ಮೊಳ ಸರಿಸಿದರೆ ಸಕಲ ಸೌಭಾಗ್ಯವೆಂದರು. ಇಷ್ಟಾದ ಮೇಲೆ ಮಾಸ್ತರರ ಹೆಂಡತಿ ಮೆಲ್ಲಗೆ ಕೇಳಿದರು: “ಕಾಗದ ನೋಡಿದ್ರು, ದಿಕ್ಕು ನೋಡಿದ್ರು. ಮನೀ ಯಾರು ನೋಡಿದ್ರು?”

ಮಾಸ್ತರರಲ್ಲಿ ಉತ್ತರವಿರಲಿಲ್ಲ, ಸಂಕೋಚವಿದ್ದಿತು. ಮನೆಯ ಒಡತಿ ಎಪ್ಪತ್ತೈದು ದಾಟಿದ ವಿಧವೆ, ದೂರದ ಬಳಗದವರು. ಮಕ್ಕಳು ಪುಣೆಯಲ್ಲಿ, ಮೇಲಂತಸ್ತಿನ ಎಂಟು ಮಂದಿ ವಿದ್ಯಾರ್ಥಿಗಳ ಬಾಡಿಗೆಯೇ ಅವರಿಗೆ ಆಧಾರ. ಅಂಥವರ ಮನೆಗೆ ಇಂಜಿನಿಯರರನ್ನು ಕರೆದೊಯ್ಯುವುದೆಂದರೆ ಮುಖದ ಮೇಲೆಯೇ ‘ನಿಮ್ಮನ್ನು ನಂಬುವುದಿಲ್ಲ’ ಎಂದಂತಾಗದೇ? ಅಂಜುತ್ತಲೇ ವಿಷಯ ತೆಗೆದಾಗ ಅವರು ನೊಂದುಕೊಂಡದ್ದೂ ನಿಜ: “ಐವತ್ತು ವರ್ಷ ನಾವು ಬಾಳಿದ ಮನಿ. ಅದಕ್ಕೂ ಪರೀಕ್ಷಾ ಏನ್ರೀ?”

ಮಾಸ್ತರರ ಹೆಂಡತಿಯೇ ಉತ್ತರ ಕೊಟ್ಟರು: “ಕಾಕು, ಮಗಳು ಬಸುರಾದಾಗ ಡಾಕ್ಟರಿಗೆ ತೋರಸ್ತೀವಲ್ಲಾ, ಅದು ಮಗಳ ಮ್ಯಾಲಿನ ಸಂಶಯ ಏನ್ರೀ?” ಮುದುಕಿ ನಕ್ಕು ಬೀಗದ ಕೈ ಕೊಟ್ಟರು.

ಬಂದ ಇಂಜಿನಿಯರರು ಹೊಸ ಬಣ್ಣಕ್ಕೆ ಮರುಳಾಗಲಿಲ್ಲ. ಗಿಲಾವಿನ ಮೇಲಿನ ಕೂದಲೆಳೆಯ ಬಿರುಕುಗಳನ್ನು ಕಂಡು ಸುಮ್ಮನಾದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕನ್ನು ಕಂಡು ನಿಂತರು. ಮೊದಲನೆಯದು ಚರ್ಮದ ರೋಗ, ಎರಡನೆಯದು ಎಲುಬಿನದು. ಬುನಾದಿ ಒಂದೆಡೆ ಕುಸಿಯುವಾಗ ಗೋಡೆ ಹೀಗೆ ಓರೆಯಾಗಿ ಸೀಳುವುದುಂಟು. ಓಳಂಬ ಇಳಿಬಿಟ್ಟು ಗೋಡೆಯ ವಾಲು ಅಳೆದರು. ಛತ್ತನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು; ಮೇಲಿನ ಬಚ್ಚಲಿನ ಕೆಳಗೆ ಟೊಳ್ಳು ಸದ್ದು ಬಂದಿತು. ನೀರು ಇಳಿದಿಳಿದು ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿದ್ದಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದುದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕೆಳಗಿನ ಗೋಡೆಗಳೋ ಕಲ್ಲು ಮಣ್ಣಿನವು. ಹೆಂಚಿನ ಸೂರು ಹೊರಲು ಹುಟ್ಟಿದವು, ಒಂದಿಡೀ ಅಂತಸ್ತನ್ನಲ್ಲ.

ಕಡೆಗೆ ಅವರು ಓರೆ ಬಿರುಕಿನ ಮೇಲೆ ಅಡ್ಡವಾಗಿ ಒಂದು ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಬಿಗಿದು ಹೋದರು. ಬಿರುಕು ಹಳೆಯದಾಗಿ ಸ್ತಬ್ಧವಾಗಿದ್ದರೆ ಗಾಜು ಹಾಗೆಯೇ ಉಳಿಯುತ್ತದೆ. ಇನ್ನೂ ಜೀವಂತವಾಗಿದ್ದರೆ ಒಡೆಯುತ್ತದೆ. ಹದಿನೇಳನೆಯ ದಿನ ಗಾಜು ಒಡೆಯಿತು.

ಅಂದು ಮುದುಕಿ ಮಾರಾಟದ ಮಾತನ್ನೇ ಎತ್ತಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮ್ಯಾಲಿನ ಹುಡುಗ್ರು?” ವಾರದೊಳಗೆ ಎಂಟೂ ಮಂದಿ ಬೇರೆಡೆಗೆ ಹೋದರು. ಮಳೆಗಾಲಕ್ಕೆ ಮುನ್ನ ಮೇಲಂತಸ್ತನ್ನು ಇಳಿಸಿದರು, ಬುನಾದಿಯನ್ನು ಬಲಪಡಿಸಿದರು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಮಾಸ್ತರರು ಒಂದಂತಸ್ತಿನ ಮನೆಯನ್ನು ಕೊಂಡರು. ಇಂಜಿನಿಯರರ ಫೀಸು ಮನೆಯ ಬೆಲೆಯ ಮುಂದೆ ಗೃಹಪ್ರವೇಶದ ತೋರಣದ ಖರ್ಚಿನಷ್ಟು.

ಧಾರವಾಡದವರಿಗೆ ಈ ಪಾಠವನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. 2019ರ ಮಾರ್ಚ್ 19ರಂದು ಇದೇ ಊರಿನ ಕುಮಾರೇಶ್ವರ ನಗರದಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಮಡಿದರು. ಅದು ಹಳೆಯ ಮನೆಯಲ್ಲ. ಕೆಲಸ ಇನ್ನೂ ಮುಗಿಯದ ಹೊಸ ಕಟ್ಟಡ. ಹಳೆಯದೆಲ್ಲ ಶಿಥಿಲವೂ ಅಲ್ಲ, ಹೊಸದೆಲ್ಲ ಗಟ್ಟಿಯೂ ಅಲ್ಲ. ಪರೀಕ್ಷಿಸಿದುದು ಮತ್ತು ಪರೀಕ್ಷಿಸದುದು ಎಂಬ ಎರಡೇ ಜಾತಿ.

ಕಾಯದೆಯೇನೋ ಇದೆ. 1882ರ ಸ್ವತ್ತು ವರ್ಗಾವಣೆ ಕಾಯದೆಯ 55ನೆಯ ಕಲಮಿನಂತೆ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಆದರೆ ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ ದೋಷಕ್ಕೆ ಮಾತ್ರ ಈ ಮಾತು. ಎಂದರೆ ಕಣ್ಣು ತೆರೆಯುವ ಹೊಣೆ ಕೊಳ್ಳುವವನದೇ. ‘ರೇರಾ’ ಎಂದು ಹೆಸರಾದ 2016ರ ಕಾಯದೆಯು, ತನ್ನ ವ್ಯಾಪ್ತಿಗೆ ಬರುವ ಹೊಸ ಯೋಜನೆಗಳಲ್ಲಿ ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ಕಂಡು ಖರೀದಿದಾರ ತಿಳಿಸಿದರೆ, 30 ದಿನಗಳಲ್ಲಿ ನಿರ್ಮಾಪಕನೇ ತನ್ನ ಖರ್ಚಿನಿಂದ ಸರಿಪಡಿಸಬೇಕೆನ್ನುತ್ತದೆ. ಕೈಯಿಂದ ಕೈಗೆ ಬರುವ ಹಳೆಯ ಮನೆಗೆ ಆ ಆಸರೆಯೂ ಇಲ್ಲ. ಮುದುಕಿಯಂತೆ ಮಾರುವವರಿಗೇ ದೋಷ ತಿಳಿಯದಿದ್ದರೆ ಯಾವ ಕಲಮು ಯಾರನ್ನು ಹಿಡಿದೀತು?

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಸರ್ವೇಯರನನ್ನೂ ಅಮೆರಿಕದಲ್ಲಿ ಇನ್‌ಸ್ಪೆಕ್ಟರನನ್ನೂ ಕಳುಹಿಸುವುದು ರೂಢಿ, ಮಾರುವವರು ಮುನಿಯುವುದಿಲ್ಲ. ನಮ್ಮಲ್ಲಿಯೂ ತಿಳಿದವರಿಗೆ ಬರವಿಲ್ಲ. ಹುಬ್ಬಳ್ಳಿಯಲ್ಲಿ ಬಿ.ವ್ಹಿ.ಬಿ. ಇಂಜಿನಿಯರಿಂಗ್ ಕಾಲೇಜು ತೆರೆದುದು 1947ರಲ್ಲಿ. ಅಂದಿನಿಂದ ಈ ಅವಳಿ ನಗರವು ದೇಶಕ್ಕೆಲ್ಲ ಇಂಜಿನಿಯರರನ್ನು ಕೊಟ್ಟಿದೆ. ತನ್ನ ಮನೆ ಕೊಳ್ಳುವ ದಿನ ಮಾತ್ರ ಅವರನ್ನು ಕರೆಯಲು ನಾಚುತ್ತದೆ. ಬರವಿರುವುದು ದಾಕ್ಷಿಣ್ಯ ಬಿಟ್ಟು ಕೇಳುವ ಬಾಯಿಗೆ. ಮನುಷ್ಯರ ಮೇಲೆ ವಿಶ್ವಾಸವಿಡುವುದು ದೊಡ್ಡ ಗುಣ. ಅದನ್ನು ಇಟ್ಟಿಗೆ ಗಾರೆಗೂ ವಿಸ್ತರಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಗೋಡೆಗೆ ಮಾನಾಪಮಾನಗಳಿಲ್ಲ. ಅದರ ನೆರಳಿನಲ್ಲಿ ಮಲಗುವವರಿಗೆ ಪ್ರಾಣವುಂಟು.