ಬಿದ್ದವನನ್ನು ನಂಬುವುದು

ಹತ್ತು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಮಣ್ಣಿನ ಮೈದಾನದಲ್ಲಿ ಹದಿನಾರು ವರ್ಷದೊಳಗಿನ ಹುಡುಗರ ಫುಟ್‌ಬಾಲ್ ಸೆಮಿಫೈನಲ್ ನಡೆಯುತ್ತಿತ್ತು. ರೆಫ್ರಿ ನಾನು. ಆಟ ಮುಗಿಯಲು ಇನ್ನು ಹತ್ತು ನಿಮಿಷವಿದ್ದಾಗ ಒಂಬತ್ತನೇ ನಂಬರಿನ ಹುಡುಗ ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ಬಿದ್ದ. ಆ ದಿನ ಅವನು ಬಿದ್ದದ್ದು ಅದು ಮೂರನೇ ಸಲ. ಹಿಂದಿನ ಎರಡು ಸಲವೂ ಅವನನ್ನು ಯಾರೂ ಮುಟ್ಟಿರಲಿಲ್ಲ. ಎರಡನೇ ಸಲ ಹಳದಿ ಕಾರ್ಡ್ ತೋರಿಸಿದ್ದೆ. ಈಗ ಮತ್ತೆ ಬಿದ್ದನಲ್ಲ ಎಂದು ಸಿಟ್ಟು ಬಂತು. ಅವನ ಪಕ್ಕದಿಂದಲೇ ಓಡಿ ಹೋಗುತ್ತಾ, "ಏಳೋ, ನಾಟಕ ಸಾಕು" ಅಂದೆ.

ಚೆಂಡು ಇನ್ನೊಂದು ತುದಿಗೆ ಹೋಯಿತು. ನಾನೂ ಹೋದೆ. ಅವರ ಕೋಚ್ ಗೆರೆಯಾಚೆ ನಿಂತು, "ಸಾರ್, ಹುಡುಗ ಏಳ್ತಾ ಇಲ್ಲ, ಸಾರ್!" ಎಂದು ಕೂಗುತ್ತಿದ್ದರು. ಚೆಂಡು ಹೊರಗೆ ಹೋಗಿ, ನಾನು ತಿರುಗಿ ಬರುವಷ್ಟರಲ್ಲಿ ಒಂದೂವರೆ ನಿಮಿಷವಾದರೂ ಆಗಿತ್ತು. ಹುಡುಗ ಬಿದ್ದ ಜಾಗದಲ್ಲೇ ಮಲಗಿದ್ದ. ಕೂಗುತ್ತಿರಲಿಲ್ಲ, ಹೊರಳಾಡುತ್ತಿರಲಿಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದಿದೆ ಎಂದು ಸಂಜೆ ಗೊತ್ತಾಯಿತು.

ರೆಫ್ರಿ ಕೆಲಸ ಕಲಿಯುವಾಗ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು: ನಾಟಕದವನು ಬೀಳುವ ಮೊದಲೇ ಕೈ ಮೇಲಕ್ಕೆ ಎತ್ತುತ್ತಾನೆ, ಕಾಲು ತಾಗಿ ಒಂದು ಕ್ಷಣ ಕಳೆದ ಮೇಲೆ ಬೀಳುತ್ತಾನೆ, ಬಿದ್ದ ಕೂಡಲೇ ನಿನ್ನ ಮುಖ ನೋಡುತ್ತಾನೆ, ನಿಜವಾಗಿ ಪೆಟ್ಟಾದವನಿಗೆ ನಿನ್ನ ನೆನಪೇ ಇರುವುದಿಲ್ಲ. ಆ ಹುಡುಗ ಮೊದಲೆರಡು ಸಲ ನನ್ನ ಮುಖ ನೋಡಿದ್ದ. ಮೂರನೇ ಸಲ ನೋಡಲಿಲ್ಲ. ವ್ಯತ್ಯಾಸ ಕಣ್ಣೆದುರೇ ಇತ್ತು. ಆದರೆ ಅಷ್ಟು ಹೊತ್ತಿಗೆ ನಾನು ಅವನನ್ನು ನೋಡುವುದನ್ನೇ ಬಿಟ್ಟಿದ್ದೆ.

ನಿಯಮದಲ್ಲಿ ಇದಕ್ಕೆ ಎರಡು ಮಾತಿವೆ. ರೆಫ್ರಿಯನ್ನು ಮೋಸಗೊಳಿಸಲು ಪೆಟ್ಟಾದಂತೆ ನಟಿಸಿದರೆ ಹಳದಿ ಕಾರ್ಡ್. 1999ರಿಂದ ಇದು ನಿಯಮಪುಸ್ತಕದಲ್ಲಿ ಸ್ಪಷ್ಟವಾಗಿದೆ. ಇನ್ನೊಂದು, ಸಣ್ಣ ಪೆಟ್ಟಾದರೆ ಆಟ ಮುಂದುವರಿಯಲಿ, ದೊಡ್ಡ ಪೆಟ್ಟಾದರೆ ತಕ್ಷಣ ನಿಲ್ಲಿಸು. ಸಣ್ಣದೋ ದೊಡ್ಡದೋ ಸುಳ್ಳೋ ಎಂದು ತೀರ್ಮಾನಿಸಬೇಕಾದವನು ಇಪ್ಪತ್ತು ಮೀಟರ್ ದೂರದಲ್ಲಿ, ಓಡುತ್ತಾ, ಏದುಸಿರು ಬಿಡುತ್ತಿರುವ ಒಬ್ಬ ಮನುಷ್ಯ.

ಆ ಮನುಷ್ಯನನ್ನು ಎಂಥ ದೊಡ್ಡ ಮೈದಾನಗಳಲ್ಲಿ ಏಮಾರಿಸಿದ್ದಾರೆ! 1989ರ ಸೆಪ್ಟೆಂಬರ್ 3, ರಿಯೋದ ಮರಕಾನಾ ಕ್ರೀಡಾಂಗಣ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಬ್ರೆಜಿಲ್ ಎದುರು ಚಿಲಿ ಒಂದು ಗೋಲು ಹಿಂದಿತ್ತು. ಪ್ರೇಕ್ಷಕರ ಕಡೆಯಿಂದ ಉರಿಯುವ ಬಾಣವೊಂದು ಮೈದಾನಕ್ಕೆ ಬಂದು ಬಿತ್ತು. ಚಿಲಿಯ ಗೋಲ್‌ಕೀಪರ್ ರೊಬೆರ್ತೊ ರೋಹಾಸ್ ಹೊಗೆಯ ನಡುವೆ ಕುಸಿದರು. ಮುಖದ ತುಂಬ ರಕ್ತ. ಜೊತೆಯವರು ಅವರನ್ನು ಎತ್ತಿಕೊಂಡು ಹೊರನಡೆದವರು ತಿರುಗಿ ಬರಲಿಲ್ಲ. ಬಾಣ ಅವರಿಗೆ ತಾಗಿಯೇ ಇರಲಿಲ್ಲ ಎಂದು ಆಮೇಲೆ ಫೋಟೊಗಳು ಹೇಳಿದವು. ಕೈಗವಸಿನಲ್ಲಿ ಬ್ಲೇಡು ಬಚ್ಚಿಟ್ಟುಕೊಂಡು ಬಂದು ತಾವೇ ಕೊಯ್ದುಕೊಂಡಿದ್ದರು. ಫಿಫಾ ಅವರಿಗೆ ಆಜೀವ ನಿಷೇಧ ಹಾಕಿತು, 2001ರಲ್ಲಿ ತೆರವು ಮಾಡಿತು. 1994ರ ವಿಶ್ವಕಪ್ ಅರ್ಹತಾ ಸುತ್ತಿನಿಂದ ಚಿಲಿಯನ್ನೇ ಹೊರಗಿಟ್ಟಿತು. ರಕ್ತವನ್ನೂ ನಂಬುವ ಹಾಗಿಲ್ಲ ಎಂದರೆ ರೆಫ್ರಿ ಇನ್ನೇನನ್ನು ನಂಬಬೇಕು?

2002ರ ವಿಶ್ವಕಪ್ ಅನ್ನು ಟೀವಿಯಲ್ಲಿ ನೋಡಿದವರಿಗೆ ರಿವಾಲ್ಡೊ ನೆನಪಿರಬಹುದು. ಟರ್ಕಿ ವಿರುದ್ಧ ಕೊನೆಯ ನಿಮಿಷಗಳಲ್ಲಿ ಕಾರ್ನರ್ ಒದೆಯಲು ನಿಂತಿದ್ದರು. ಹಕನ್ ಉನ್ಸಾಲ್ ಸಿಟ್ಟಿನಿಂದ ಒದ್ದ ಚೆಂಡು ಅವರ ಕಾಲಿಗೆ ಬಡಿಯಿತು. ರಿವಾಲ್ಡೊ ಮುಖ ಹಿಡಿದುಕೊಂಡು ಬಿದ್ದರು. ಉನ್ಸಾಲ್‌ಗೆ ಎರಡನೇ ಹಳದಿ ಕಾರ್ಡ್, ಹೊರಕ್ಕೆ. ಆಮೇಲೆ ರಿವಾಲ್ಡೊಗೆ 11,500 ಸ್ವಿಸ್ ಫ್ರಾಂಕ್ ದಂಡ ಬಿತ್ತು. ಆ ವರ್ಷ ಕಪ್ ಗೆದ್ದದ್ದು ಬ್ರೆಜಿಲ್. ಅದನ್ನು ನೋಡಿ ನಾವು ಗೆಳೆಯರೆಲ್ಲ ನಕ್ಕಿದ್ದೆವು. ಮಾರನೆಯ ದಿನ ಗಲ್ಲಿಯಲ್ಲಿ ಹುಡುಗರು ಮೊಣಕಾಲಿಗೆ ಚೆಂಡು ತಾಗಿದರೆ ಮುಖ ಹಿಡಿದು ಬೀಳುವ ಆಟ ಆಡುತ್ತಿದ್ದರು.

ಸುಳ್ಳಿಗೆ ಹೀಗೆ ಒಗ್ಗಿಹೋದರೆ ನಿಜಕ್ಕೂ ಬೆಲೆ ಇರುವುದಿಲ್ಲ. 1997ರ ಮಾರ್ಚ್‌ನಲ್ಲಿ ಲಂಡನ್ನಿನ ಹೈಬರಿಯಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್ ಆರ್ಸೆನಲ್ ಗೋಲಿನ ಮುಂದೆ ಬಿದ್ದರು. ರೆಫ್ರಿ ಪೆನಾಲ್ಟಿ ಕೊಟ್ಟರು. ಫೌಲರ್ ಎದ್ದು ನಿಂತು, ಗೋಲ್‌ಕೀಪರ್ ನನ್ನನ್ನು ಬೀಳಿಸಲಿಲ್ಲ, ಇದು ಪೆನಾಲ್ಟಿಯಲ್ಲ ಎಂದು ಕೈಯಾಡಿಸಿ ತಿಳಿಸಿದರು. ತೀರ್ಪು ಬದಲಾಗಲಿಲ್ಲ. ಅವರು ಒದ್ದದ್ದನ್ನು ಗೋಲ್‌ಕೀಪರ್ ತಡೆದರೂ, ಪುಟಿದು ಬಂದ ಚೆಂಡನ್ನು ಜೊತೆಗಾರ ಗೋಲಿಗೆ ಹೊಡೆದರು. ಆಟಗಾರ ತನ್ನ ವಿರುದ್ಧವೇ ನಿಜ ಹೇಳಿದಾಗ ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಜಾತಿಯವರಿಗೆ, ಅಂದರೆ ರೆಫ್ರಿಗಳಿಗೆ, ಇಲ್ಲ.

ಈಗ ಕ್ಯಾಮೆರಾ ಇದೆಯಲ್ಲ ಎನ್ನುತ್ತಾರೆ. ಇದೆ. 2018ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೇಮಾರ್ ಹಿಂದಕ್ಕೆ ವಾಲಿ ಬಿದ್ದಾಗ ರೆಫ್ರಿ ಬ್ಯೋರ್ನ್ ಕೌಪರ್ಸ್ ಪೆನಾಲ್ಟಿ ಕೊಟ್ಟು, ಪರದೆ ನೋಡಿ ಬಂದು ವಾಪಸು ಪಡೆದರು. ಆದರೆ ನಮ್ಮ ಮಣ್ಣಿನ ಮೈದಾನಗಳಲ್ಲಿ ಎರಡು ಕಣ್ಣು, ಒಂದು ವಿಶಲ್, ಅಷ್ಟೇ. ಕ್ಯಾಮೆರಾ ಆದರೂ ನಡೆದದ್ದನ್ನು ತೋರಿಸುತ್ತದೆಯೇ ಹೊರತು ಎಷ್ಟು ನೋವಾಯಿತೆಂದು ತೋರಿಸುವುದಿಲ್ಲ.

ನಮ್ಮೂರಿನ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್ ನಡೆಯಿತು. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ವಿರುದ್ಧ ತನ್ನ ಎರಡನೇ ಗೋಲು ಹೊಡೆದು, ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ನಾನು ಆ ದಿನ ಅಲ್ಲಿರಲಿಲ್ಲ, ಮಾರನೆಯ ದಿನ ಪತ್ರಿಕೆಯಲ್ಲಿ ಓದಿದೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್, ಹತ್ತಿರ ಎದುರಾಳಿಯೇ ಇಲ್ಲದಿದ್ದಾಗ, ಹೃದಯ ನಿಂತು ಕುಸಿದರು. ರೆಫ್ರಿ ಆಂಟನಿ ಟೇಲರ್ ಕೆಲವೇ ಸೆಕೆಂಡುಗಳಲ್ಲಿ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ಎರಿಕ್ಸನ್ ಬದುಕಿ, ಮತ್ತೆ ಆಡಿದರು. ಆ ದೃಶ್ಯವನ್ನು ನಾನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ನೋಡುವುದು ಟೇಲರ್ ಅವರನ್ನೇ. ಯಾರೂ ಮುಟ್ಟದೆ ಬಿದ್ದ ಮನುಷ್ಯ. ನನ್ನ ಬುದ್ಧಿ ಇದ್ದಿದ್ದರೆ ನಾಟಕ ಎನ್ನಬಹುದಿತ್ತು. ಅವರು ಅನ್ನಲಿಲ್ಲ.

ಸೆಮಿಫೈನಲ್ ಆದ ಎರಡು ವಾರಕ್ಕೆ ಆ ಹುಡುಗನ ಮನೆ ಹುಡುಕಿಕೊಂಡು ಹೋದೆ. ಒಂದು ಕೋಣೆಯ ಮನೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ. ಅವನ ತಾಯಿ ಟೀ ಕೊಟ್ಟರು. ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. "ತಪ್ಪಾಯ್ತಪ್ಪ, ನಾನು ನಿನ್ನನ್ನು ನಂಬಬೇಕಿತ್ತು" ಅಂದೆ. ಅವನು ಪ್ಲಾಸ್ಟರ್ ಮೇಲೆ ಗೆಳೆಯರು ಬರೆದ ಹೆಸರುಗಳನ್ನು ನೋಡುತ್ತಾ ಕೂತಿದ್ದ. ಆಮೇಲೆ, "ಸಾರ್, ಫಸ್ಟ್ ಹಾಫ್‌ನಲ್ಲಿ ಆ ಡಿಫೆಂಡರ್ ನನ್ನ ಶರ್ಟ್ ಹಿಡಿದು ಎಳೆದ. ನಾನು ಬೀಳ್ದೆ ಓಡ್ದೆ. ನೀವು ವಿಶಲ್ ಊದ್ಲಿಲ್ಲ. ಆಮೇಲೇ ಬೀಳಕ್ಕೆ ಶುರು ಮಾಡಿದ್ದು" ಅಂದ.

ಶರ್ಟ್ ಎಳೆದದ್ದು ನನಗೆ ನೆನಪಿತ್ತು. ಎಳೆದರೂ ಓಡುತ್ತಿದ್ದಾನಲ್ಲ, ಮತ್ತೇಕೆ ಫೌಲ್ ಎಂದುಕೊಂಡು ಬಿಟ್ಟಿದ್ದೆ. ನಿಂತವನಿಗೆ ನ್ಯಾಯ ಕೊಡದೆ, ಬಿದ್ದರೆ ಮಾತ್ರ ವಿಶಲ್ ಎಂದು ಅವನಿಗೆ ಕಲಿಸಿದ್ದು ನಾನೇ. ಹಾಗೆಂದು ಅವನ ಸುಳ್ಳು ಸರಿಯಾಗುವುದಿಲ್ಲ. ಆ ಸುಳ್ಳಿಗೆ ಅವನೇ ಬೆಲೆ ತೆತ್ತ. ಆದರೆ ಲೆಕ್ಕದಲ್ಲಿ ನನ್ನ ಪಾಲೂ ಇತ್ತು.

ಅದಾದ ಮೇಲೆ ಆರು ವರ್ಷ ಪಂದ್ಯ ನಡೆಸಿದೆ. ಎರಡು ಬದಲಾವಣೆ ಮಾಡಿಕೊಂಡೆ. ಎಡವಿಯೂ ಬೀಳದೆ ಓಡುವ ಹುಡುಗನಿಗೆ ಫೌಲ್ ಆಗಿದ್ದರೆ, ಅವನಿಗೆ ಲಾಭವಿಲ್ಲದಿದ್ದರೆ, ವಿಶಲ್ ಊದಿದೆ. ಯಾರಾದರೂ ಬಿದ್ದು ಏಳದಿದ್ದರೆ ಮೊದಲು ಹತ್ತಿರ ಹೋಗಿ ಬಗ್ಗಿ ಮುಖ ನೋಡಿದೆ. ಕಾರ್ಡಿನ ವಿಚಾರ ಆಮೇಲೆ. ಇದರಿಂದ ಎಷ್ಟೋ ಸಲ ಮೋಸ ಹೋಗಿದ್ದೇನೆ. ಹುಡುಗರು ನನ್ನನ್ನು ಮೆತ್ತನೆಯ ರೆಫ್ರಿ ಎಂದು ಆಡಿಕೊಂಡರು. ಒಬ್ಬನಂತೂ ನಾನು ಬಗ್ಗಿದಾಗ ಕಣ್ಣು ಹೊಡೆದ. ಅವನಿಗೆ ಹಳದಿ ಕಾರ್ಡ್ ತೋರಿಸಿ, ಕೈಕೊಟ್ಟು ಎಬ್ಬಿಸಿದೆ.