ಎರಡು ಬ್ಯಾರನ್, ಒಂದು ಜ್ವರ

ಬೆಟ್ಟದಪುರದ ಆಸುಪಾಸಿನಲ್ಲಿ ದಸರಾ ರಜೆಯೆಂದರೆ ತಂಬಾಕು ಬೇಯಿಸುವ ಕಾಲ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಎತ್ತ ನೋಡಿದರೂ ಬ್ಯಾರನ್‌ಗಳ ಹೊಗೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರ ಓದುತ್ತಿರುವ ಆ ಹುಡುಗಿ ರಜೆಗೆ ಬಂದವಳು ಮೂರು ದಿನ ಪುಸ್ತಕ ಮುಟ್ಟಲಿಲ್ಲ. ನಾಲ್ಕನೆಯ ರಾತ್ರಿ, ಬೆಂಕಿ ನೋಡಿಕೊಳ್ಳುತ್ತ ಕುಳಿತಿದ್ದ ಅಪ್ಪನ ಪಕ್ಕ ಬಂದು ಕುಳಿತಳು. "ಅಪ್ಪ, ಎಂ.ಎಸ್ಸಿ. ಮುಗಿದ ಮೇಲೆ ರಿಸರ್ಚ್ ಬೇಡ. ಬ್ಯಾಂಕ್ ಪರೀಕ್ಷೆ ಬರೀತೀನಿ" ಎಂದಳು.

ಅಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು. ಮೆಡಿಕಲ್ ಸೀಟು ಕೈತಪ್ಪಿದ ದಿನದಿಂದ ಅವನು ಹೇಳುತ್ತ ಬಂದದ್ದೂ ಅದನ್ನೇ. ಆದರೂ ಮಗಳ ಮುಖ ನೋಡಿ, "ಅದ್ಯಾಕವ್ವ? ಮಲೇರಿಯಾ ಹುಳದ ಮೇಲೆ ಓದ್ತೀನಿ ಅಂತಿದ್ದೆ?" ಎಂದ.

ಕಂಬಳಿ ಹೊದ್ದು ಕುಳಿತಿದ್ದ ಅಜ್ಜಿ ತಲೆ ಎತ್ತಿದಳು. ಅವಳ ತವರು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಳ್ಳಿ. ಚಿಕ್ಕವಳಿದ್ದಾಗ ಅವಳ ತಮ್ಮ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಊದಿತ್ತು. ಸಿಕ್ಕ ಕ್ವಿನೈನ್ ಗುಳಿಗೆಯನ್ನು ಅವನು ಕಹಿಯೆಂದು ಉಗುಳಿಬಿಡುತ್ತಿದ್ದ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ. ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುವವರು ಊರಿಗೆ ಬರುವ ಹೊತ್ತಿಗೆ ಆ ಮಗು ಇರಲಿಲ್ಲ.

ಹುಡುಗಿ ನಿಧಾನವಾಗಿ ಹೇಳತೊಡಗಿದಳು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಒಂದೇ ಜೀವಕೋಶದ ಪರಾವಲಂಬಿ. ಆ ಒಂದು ಕೋಶದೊಳಗೂ ಕೋಣೆಗಳಿವೆ. ಒಂದು ಮೈಟೊಕಾಂಡ್ರಿಯ, ಅದು ನಮ್ಮ ಜೀವಕೋಶಗಳಲ್ಲೂ ಇದೆ. ಇನ್ನೊಂದು ಎಪಿಕೋಪ್ಲಾಸ್ಟ್, ಅದು ನಮ್ಮಲ್ಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಈ ಜೀವಿಯ ಪೂರ್ವಜ ನುಂಗಿದ ಪಾಚಿಯ ಉಳಿಕೆ ಅದು. ನಾಲ್ಕು ಪೊರೆಗಳ ಒಳಗೆ ತನ್ನದೇ ಪುಟ್ಟ ಡಿ.ಎನ್.ಎ. ಇಟ್ಟುಕೊಂಡಿದೆ.

ಪ್ರೋಟೀನ್ ತಯಾರಾದ ಮಾತ್ರಕ್ಕೆ ಕೆಲಸಕ್ಕೆ ಬರುವುದಿಲ್ಲ. ಹಸಿ ಸೊಪ್ಪನ್ನು ಯಾರೂ ಹರಾಜಿಗೆ ಒಯ್ಯುವುದಿಲ್ಲವಲ್ಲ, ಹಾಗೆಯೇ ಕೆಲವು ಪ್ರೋಟೀನುಗಳನ್ನೂ ಹದ ಮಾಡಬೇಕು. ಲಿಪೋಯಿಕ್ ಆಮ್ಲವೆಂಬ ಎಂಟು ಇಂಗಾಲದ, ಎರಡು ಗಂಧಕದ ಸಣ್ಣ ಅಣುವನ್ನು ಅವುಗಳಿಗೆ ಅಂಟಿಸಬೇಕು. ಅಂಟಿಸುವುದಕ್ಕೆಂದೇ ಬೇರೆ ಕಿಣ್ವಗಳಿವೆ. ಅದು ಅಂಟದಿದ್ದರೆ ಆ ಪ್ರೋಟೀನ್ ಇದ್ದೂ ಇಲ್ಲದಂತೆ.

ಈ ಅಂಟಿಸುವ ಕಿಣ್ವಗಳು ಎಲ್ಲಿವೆ? ಅಂಬಲಿ ಮೀನಿನಿಂದ ಪಡೆದ, ಹಸಿರಾಗಿ ಹೊಳೆಯುವ ಪ್ರೋಟೀನನ್ನು ಅವುಗಳಿಗೆ ಜೋಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಕೋಣೆ ಹೊಳೆಯುತ್ತದೆಂದು ತಿಳಿಯುತ್ತದೆ. ಎರಡು ಕೋಣೆಗಳಿಗೂ ಪ್ರತ್ಯೇಕ ವ್ಯವಸ್ಥೆಯಿದೆ ಎಂಬುದು 2004ರಲ್ಲಿ ಗೊತ್ತಾಯಿತು. ಎಪಿಕೋಪ್ಲಾಸ್ಟ್ ತನಗೆ ಬೇಕಾದ ಲಿಪೋಯಿಕ್ ಆಮ್ಲವನ್ನು ತಾನೇ ಮಾಡಿಕೊಳ್ಳುತ್ತದೆ. ಮೈಟೊಕಾಂಡ್ರಿಯಕ್ಕೆ ಬೇಕಾದದ್ದನ್ನು ಪರಾವಲಂಬಿ ನಮ್ಮ ಮೈಯಿಂದಲೇ ಕದಿಯುತ್ತದೆ.

ಅಪ್ಪ ತನ್ನ ಎರಡು ಬ್ಯಾರನ್‌ಗಳತ್ತ ನೋಡಿದ. "ಒಂದಕ್ಕೆ ಹೊಲದ ಸೌದೆ, ಇನ್ನೊಂದಕ್ಕೆ ಕೊಂಡು ತಂದ ಸೌದೆ ಅನ್ನು. ಕೊಂಡದ್ದು ನಿಂತರೆ ಹೊಲದ್ದೇ ಹಾಕ್ಕೊಂಡರಾಯ್ತು."

"ಅಲ್ಲೇ ವಿಚಿತ್ರ ಇರೋದು ಅಪ್ಪ. ಅದು ಹಂಗೆ ಹಂಚಿಕೊಳ್ಳೋದಿಲ್ಲ. ರಕ್ತದಲ್ಲಿರುವಾಗ ಕದ್ದದ್ದು ಸಿಗದಿದ್ದರೆ ಬೆಳೆಯೋಕೇ ಆಗಲ್ಲ ಅಂತ 2007ರಲ್ಲಿ ತೋರಿಸಿದರು."

"ಮತ್ತೆ ಚೆನ್ನಾಗೇ ಇದೆಯಲ್ಲ. ಬೇಜಾರು ಯಾತಕ್ಕೆ?"

ಬೇಜಾರಿಗೆ ಕಾರಣ ಬೆಂಗಳೂರಿನದೇ ಒಂದು ಸಂಶೋಧನೆ. ಎಪಿಕೋಪ್ಲಾಸ್ಟ್‌ನಲ್ಲಿ ಲಿಪೋಯಿಕ್ ಆಮ್ಲಕ್ಕೆ ಮೂಲವಸ್ತು ಒದಗಿಸುವುದು ಅಲ್ಲಿನ ಕೊಬ್ಬಿನಾಮ್ಲ ತಯಾರಿಕೆ. ಸಾಬೂನು, ಟೂತ್‌ಪೇಸ್ಟ್‌ಗಳಲ್ಲಿ ಬಳಕೆಯಲ್ಲಿದ್ದ ಟ್ರೈಕ್ಲೋಸಾನ್ ಆ ತಯಾರಿಕೆಯ ಒಂದು ಕಿಣ್ವವನ್ನು ತಡೆದು ಪರಾವಲಂಬಿಯನ್ನು ಕೊಲ್ಲುತ್ತದೆ ಎಂದು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ ವರದಿ ಮಾಡಿದ್ದರು. ಬಿ.ಎಸ್ಸಿ.ಯಲ್ಲಿ ಅದನ್ನು ಓದಿದ ದಿನವೇ ಹುಡುಗಿ ತನ್ನ ದಾರಿ ಇದು ಎಂದುಕೊಂಡಿದ್ದಳು. ಈಗ ಸೆಮಿನಾರಿಗೆಂದು ಮುಂದಿನದನ್ನು ಓದಿದಾಗ ಎದೆ ಧಸಕ್ಕೆಂದಿತು. ಆ ಕಿಣ್ವದ ಜೀನನ್ನೇ ತೆಗೆದುಹಾಕಿದರೂ ಪರಾವಲಂಬಿ ರಕ್ತದಲ್ಲಿ ಬೆಳೆಯಿತೆಂದು 2008ರಲ್ಲಿ ಇತರ ವಿಜ್ಞಾನಿಗಳು ತೋರಿಸಿದ್ದರು. ಟ್ರೈಕ್ಲೋಸಾನ್ ಕೊಂದದ್ದು ನಿಜ. ಆದರೆ ರಕ್ತದಲ್ಲಿ ಅದರ ಪೆಟ್ಟು ಬೀಳುತ್ತಿದ್ದುದು ಬೇರೆಲ್ಲೋ.

"ಅಷ್ಟು ದೊಡ್ಡವರ ಗುರಿಯೇ ಹಿಂಗಾದರೆ ನಾನು ಹತ್ತು ವರ್ಷ ಕೂತು ಏನು ಮಾಡ್ಲಿ ಅಪ್ಪ?"

ಅಪ್ಪ ಮಾತಾಡಲಿಲ್ಲ. ವರ್ಷವಿಡೀ ದುಡಿದದ್ದು ಹರಾಜಿನಲ್ಲಿ ಬೆಲೆಯಿಲ್ಲದೆ ನಿಂತದ್ದನ್ನು ಕಂಡವನು ಅವನು.

ಅಜ್ಜಿಯೇ ಕೇಳಿದಳು: "ಆ ಕಿಣ್ವ ಅದಕ್ಕೆ ಎಲ್ಲೂ ಬೇಡವಂತಾ?"

"ಇಲಿಗಳ ಮಲೇರಿಯಾದಲ್ಲಿ ನೋಡಿದಾಗ ಈಲಿಯಲ್ಲಿ ಬೇಕಂತೆ ಅಜ್ಜಿ. ಸೊಳ್ಳೆ ಕಚ್ಚಿದ ಮೇಲೆ ಹುಳ ಮೊದಲು ಅಲ್ಲಿಗೆ ಹೋಗುತ್ತೆ. ಆ ಜೀನ್ ಇಲ್ಲದ್ದು ಅಲ್ಲೇ ಬೆಳವಣಿಗೆ ಮುಗಿಸಲಾರದೆ ಹೋಯಿತು."

"ಅಲ್ಲಿದ್ದಾಗ ಚಳಿ ಬತ್ತದಾ?"

"ಇಲ್ಲಜ್ಜಿ. ರಕ್ತಕ್ಕೆ ಇಳಿದ ಮೇಲೇ ಚಳಿ, ಜ್ವರ ಎಲ್ಲ."

"ನನ್ನ ತಮ್ಮಂಗೆ ಚಳಿ ಬಂದ ಮೇಲೇ ಅಲ್ವಾ ನಮಗೆ ಗೊತ್ತಾದ್ದು. ಬರೋಕೆ ಮುಂಚೇನೇ ಹಿಡಿಯೋ ಹಂಗಿದ್ದರೆ ಅದನ್ಯಾಕೆ ಬಿಟ್ಟೀರಿ ಮಗ?"

ಹುಡುಗಿ ಸುಮ್ಮನಾದಳು. ಅಜ್ಜಿ ಕೇಳಿದ್ದು ಸೆಮಿನಾರಿನ ಕೊನೆಯಲ್ಲಿ ಯಾರಾದರೂ ಕೇಳಬಹುದಾಗಿದ್ದ ಪ್ರಶ್ನೆ. ಇಲಿಯ ಯಕೃತ್ತಿನಲ್ಲಿ ಕಂಡದ್ದು ಮನುಷ್ಯರಿಗೆ ಔಷಧಿಯಾಗಲು ದೂರದ ದಾರಿಯಿದೆ, ಆಗದೆಯೂ ಇರಬಹುದು. ಆದರೆ 2008ರ ಫಲಿತಾಂಶ ಹಳೆಯ ಗುರಿಯನ್ನು ಅಳಿಸಿಹಾಕಿರಲಿಲ್ಲ. ಆ ಕಿಣ್ವ ಯಾವ ಕೋಣೆಯಲ್ಲಿದೆ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ಬೇಕಾಗುತ್ತದೆ ಎಂಬುದನ್ನೂ ಹೇಳಿತ್ತು.

ಅಪ್ಪ ಒಲೆಗೆ ಇನ್ನೊಂದು ಕೊರಡು ನೂಕಿದ. "ಬ್ಯಾಂಕಿಗೂ ಅರ್ಜಿ ಹಾಕು, ಓದೂ ಬಿಡಬೇಡ. ಸದ್ಯಕ್ಕೆ ಎರಡರಲ್ಲೂ ಬೆಂಕಿ ಉರೀಲಿ" ಎಂದ. ಹುಡುಗಿ ನಕ್ಕು, ಆಚೆಯ ಬ್ಯಾರನ್‌ನ ಶಾಖ ನೋಡಿ ಬರಲು ಎದ್ದಳು.