ಹತ್ತರಲ್ಲಿ ಆರು ಮಾರ್ಕಿನ ನೋವು

ಕಲ್ಲು ಮಾಷ್ಟ್ರದ್ದು, ಆಸ್ಪತ್ರೆವಾಸ ನಮ್ಮಿಬ್ಬರದ್ದು. ಹಾಗಾಗಿ ಇಲ್ಲಿ 'ನಾವು' ಎಂದೇ ಬರೆಯುತ್ತೇವೆ. ಹೇಗೂ ನಮಗೆ ಒಂದೇ ಶಾಲೆ, ಒಂದೇ ಬೈಕು. ಮಾಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರೆ, ಟೀಚರ್ ಕೆಳಗಿನ ಕಟ್ಟಡದಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ಊರವರೂ ನಮ್ಮನ್ನು ಕರೆಯುವುದು ಹಾಗೆಯೇ. ಹೆಸರು ಹಿಡಿದು ಕರೆದರೆ ನಮಗೇ ಗೊತ್ತಾಗುವುದಿಲ್ಲ!

2023ರ ನವೆಂಬರ್. ನೆಂಟರ ಮನೆಯಲ್ಲಿ ಮದುವೆ. ಹೋಳಿಗೆಗೆ ಕಾಯಿಹಾಲೂ ಬಂತು, ತುಪ್ಪವೂ ಬಂತು. ಮಾಷ್ಟ್ರು ಎರಡಕ್ಕೂ ಬೇಡ ಅನ್ನಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಬಲಗಡೆ ಯಾರೋ ಹಿಡಿದು ತಿರುಚಿದಂಥ ನೋವು ಶುರುವಾಗಿ ಬೆನ್ನಿಗೂ ಬಲ ಹೆಗಲಿಗೂ ಹತ್ತಿತು. ಗ್ಯಾಸ್ ಇರಬೇಕು ಅಂದುಕೊಂಡು ಜೀರಿಗೆ ಕಷಾಯ ಕುಡಿದದ್ದಾಯಿತು. ಬೆಳಗ್ಗೆ ನೋವು ಇಳಿದಿತ್ತು, ಶಾಲೆಗೆ ಹೋದೆವು.

ಮೂರನೆಯ ದಿನ ಮೂತ್ರ ಕಟ್ಟಾ ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣು ಹಳದಿಯಾಯಿತು. ನೆರೆಮನೆಯ ಅಕ್ಕ ನೋಡಿದ್ದೇ, "ಇದು ಕಾಮಾಲೆ ಮಾಷ್ಟ್ರೇ, ಇದಕ್ಕೆ ಇಂಗ್ಲಿಷ್ ಮದ್ದು ಇಲ್ಲ" ಅಂದರು. ಗದ್ದೆಬದಿಯಿಂದ ನೆಲನೆಲ್ಲಿ ಕಿತ್ತು ತಂದೂ ಕೊಟ್ಟರು. ಅರೆದು ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿಯುವುದು, ಮಧ್ಯಾಹ್ನ ಉಪ್ಪಿಲ್ಲದ ಗಂಜಿ. ಅಕ್ಕನ ಮೇಲೆ ನಮಗೆ ಏನೇನೂ ಸಿಟ್ಟಿಲ್ಲ. ಪ್ರೀತಿಯಿಂದ ಕೊಟ್ಟ ಮದ್ದು ಅದು. ತಪ್ಪು ನಮ್ಮದು.

ಆಸ್ಪತ್ರೆಗೆ ಹೋಗದಿರಲು ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಪರೀಕ್ಷೆ. ಹತ್ತನೆಯವರಿಗೆ ಪಾಠ ಬಾಕಿ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ವಿಜ್ಞಾನ ಕಲಿಸಬಲ್ಲ ದಿನಗೂಲಿ ಅಧ್ಯಾಪಕರು ಒಂದೆರಡು ವಾರಕ್ಕೆಂದು ಎಲ್ಲಿ ಸಿಗುತ್ತಾರೆ? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಇಳಿದದ್ದನ್ನು ನಮ್ಮ ಕಾಸರಗೋಡು ಕಂಡಿದೆ. "ಪರೀಕ್ಷೆ ಒಂದು ಮುಗಿಯಲಿ" ಎಂದರು ಮಾಷ್ಟ್ರು. ಟೀಚರೂ ಹೂಂ ಅಂದರು.

ಆರನೆಯ ದಿನ ತರಗತಿಯಲ್ಲೇ ಚಳಿ ಹಿಡಿದು ಮೈ ನಡುಗಿತು. ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಮಕ್ಕಳು ಓಡಿಬಂದು ಟೀಚರನ್ನು ಕರೆದರು. ಪೇಟೆಯ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳಿವೆ, ಒಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡ ಹಾಗಿದೆ, ಇವತ್ತೇ ಮಂಗಳೂರಿಗೆ ಹೋಗಿ ಎಂದರು. ಆಂಬ್ಯುಲೆನ್ಸ್ ತಲಪಾಡಿ ದಾಟುವಾಗ ನಮಗೆ 2020ರ ಮಾರ್ಚ್ ನೆನಪಾಯಿತು. ಕೊರೋನಾ ಕಾಲದಲ್ಲಿ ಇದೇ ಜಾಗದಲ್ಲಿ ರಸ್ತೆ ಮುಚ್ಚಿ, ರೋಗಿಗಳಿದ್ದ ಗಾಡಿಗಳೂ ಹಿಂದೆ ತಿರುಗಿದ್ದವು. ಆ ದಿನಗಳಲ್ಲಿ ಈ ಕಲ್ಲು ಜಾರಿದ್ದರೆ?... ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮಂಗಳೂರು ಆಸ್ಪತ್ರೆಯಲ್ಲಿ ಎಲ್ಲೆಲ್ಲೂ ಕನ್ನಡ ಬೋರ್ಡು. ಆ ಸಂಕಟದಲ್ಲೂ ಒಂದು ಕ್ಷಣ ಖುಷಿಯಾಯಿತು. ಆದರೆ ರಾತ್ರಿ ಪಾಳಿಯ ನರ್ಸ್ ಇಡುಕ್ಕಿಯ ಹುಡುಗಿ! "ಮಾಷೇ, ವೇದನ ಎತ್ರ? ಒಂದರಿಂದ ಹತ್ತು?" ಎಂದು ಕೇಳಿದಳು. ಮಾಷ್ಟ್ರು ಯೋಚನೆ ಮಾಡಿ, "ಆರು" ಎಂದರು. ಅವಳು ಹಾಗೆಯೇ ಬರೆದುಕೊಂಡಳು. ಟೀಚರ್ ತಡೆದರು. "ಮೋಳೇ, ಇವರು ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವರಲ್ಲ. ಇವರ ಆರು ಅಂದರೆ ಬೇರೆಯವರ ಒಂಬತ್ತು." ಹುಡುಗಿ ನಕ್ಕು ಆರನ್ನು ಹೊಡೆದುಹಾಕಿದಳು.

ಬೆಳಗ್ಗೆ ಡಾಕ್ಟರು ಬಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಪಿತ್ತಜನಕಾಂಗ, ಅದರಡಿಯಲ್ಲಿ ಪಿತ್ತಕೋಶ, ಅಲ್ಲಿಂದ ಸಣ್ಣಕರುಳಿಗೆ ನಾಳ. ಮಾಷ್ಟ್ರು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುವ ಅದೇ ಚಿತ್ರ. "ನಾಳ ಮುಚ್ಚಿದರೆ ಪಿತ್ತರಸ ಕರುಳಿಗೆ ಬರುವುದಿಲ್ಲ, ರಕ್ತಕ್ಕೆ ಸೇರುತ್ತದೆ. ಮಲ ಯಾವ ಬಣ್ಣ?"

"ಬಿಳಿ. ಸೇಡಿಮಣ್ಣಿನ ಹಾಗೆ."

"ಎಷ್ಟು ದಿನದಿಂದ?"

"ನಾಲ್ಕು."

"ನೀವು ವಿಜ್ಞಾನ ಕಲಿಸುವವರಲ್ಲವಾ?"

ಮಾಷ್ಟ್ರು ತಲೆ ತಗ್ಗಿಸಿದರು. ಟೀಚರಿಗೂ ಅದೇ ಮೊದಲ ಸಲ ಆ ನಾಲ್ಕು ದಿನದ ವಿಷಯ ತಿಳಿದದ್ದು. ಕಟ್ಟಿಕೊಂಡ ನಾಳದಲ್ಲಿ ಸೋಂಕು ಆಗಿತ್ತು. ಅದಕ್ಕೇ ಚಳಿಜ್ವರ. ಅದು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯವಂತೆ. ಸಿಕ್ಕಿಕೊಂಡ ಕಲ್ಲನ್ನು ನೆಲನೆಲ್ಲಿ ಹೊರಗೆ ತಳ್ಳುವುದಿಲ್ಲ.

ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಹಾಕಿ ಮಾರನೆಯ ದಿನ ಇ.ಆರ್.ಸಿ.ಪಿ. ಮಾಡಿದರು. ಹೊಟ್ಟೆ ಕೊಯ್ಯುವುದಿಲ್ಲ. ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯ ಮೂಲಕ ಸಣ್ಣಕರುಳಿನ ಮೊದಲ ಭಾಗದವರೆಗೆ ಇಳಿಸಿ, ನಾಳದ ಬಾಯನ್ನು ಸ್ವಲ್ಪ ಸೀಳಿ, ಕಲ್ಲನ್ನು ಕರುಳಿಗೆ ಎಳೆದುಬಿಡುವುದು. ಪಿತ್ತರಸ ಸರಾಗ ಹರಿಯಲೆಂದು ನಾಳದಲ್ಲಿ ಸಣ್ಣ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟರು. ಕಲ್ಲು 8 ಮಿಲಿಮೀಟರು. ಒಂದು ಕಡಲೆಯಷ್ಟು!

ಅದಕ್ಕೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಆಗಬೇಕಿತ್ತು. ಅರ್ಜಿಗಳು ಕನ್ನಡದಲ್ಲಿ ಸಿಗಬೇಕೆಂದು ಕಚೇರಿ ಕಚೇರಿ ಅಲೆದವರು ನಾವು. ಅಂದು ಕೇಳದೆಯೇ ಕನ್ನಡದಲ್ಲಿ ಸಿಕ್ಕಿತು. ರಕ್ತಸ್ರಾವ ಆಗಬಹುದು, ಮೇದೋಜೀರಕ ಗ್ರಂಥಿಯ ಉರಿಯೂತ ಆಗಬಹುದು, ಅಪರೂಪಕ್ಕೆ ಜೀವಾಪಾಯ... ಒಂದೊಂದು ಅಕ್ಷರವೂ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಟೀಚರ್ ಸಹಿ ಹಾಕಿದರು. ದಿನಾ ಮಕ್ಕಳ ಕೈಬರಹ ತಿದ್ದುವವರ ಸಹಿ ಅಂದು ಗೆರೆಯ ಮೇಲೆ ನಿಲ್ಲಲಿಲ್ಲ.

ಏಳು ದಿನಕ್ಕೆ ಮನೆಗೆ ಬಂದೆವು. ಕುಚ್ಚಲಕ್ಕಿ ಗಂಜಿ, ತೆಳ್ಳಗಿನ ಮಜ್ಜಿಗೆ. ತೆಂಗಿನಕಾಯಿ ಅರೆಯದ ಅಡುಗೆ ಮಾಡುವುದೆಂದರೆ ನಮ್ಮ ಕಡೆ ಸಣ್ಣ ಕೆಲಸವಲ್ಲ. 2024ರ ಜನವರಿಯಲ್ಲಿ ಪುನಃ ಆಸ್ಪತ್ರೆಗೆ ಹೋಗಿ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿದ್ದಾಯಿತು, ಸ್ಟೆಂಟೂ ಹೊರಗೆ ಬಂತು. ಪಿತ್ತಕೋಶ ಬರೀ ಸಂಗ್ರಹದ ಚೀಲ. ಅದಿಲ್ಲದಿದ್ದರೂ ಪಿತ್ತಜನಕಾಂಗ ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರ ಕರುಳಿಗೆ ಹೋಗುತ್ತದೆ. ಮೊದಮೊದಲು ಎಣ್ಣೆ ತಿಂಡಿ ತಿಂದರೆ ಹೊಟ್ಟೆ ಕೆಡುತ್ತಿತ್ತು. ಈಗ ಹಲಸಿನ ಹಪ್ಪಳ ಒಂದೆರಡು ಆಗುತ್ತದೆ.

ಶಾಲೆ? ನಾವಿಲ್ಲದೆ ಮುಳುಗಿರಲಿಲ್ಲ. ಮಲಯಾಳ ವಿಭಾಗದ ವಿಜ್ಞಾನ ಅಧ್ಯಾಪಕರು ಬಿಡುವಿನ ಪಿರಿಯಡ್‌ಗಳಲ್ಲಿ ನಮ್ಮ ಮಕ್ಕಳ ತರಗತಿಗೆ ಬಂದರು. ಮಕ್ಕಳೇ ಹಲಗೆಯ ಮೇಲೆ ಕನ್ನಡ ಪದಗಳ ಪಟ್ಟಿ ಬರೆದುಕೊಟ್ಟರಂತೆ. 'ಪಿತ್ತರಸ' ಎಂದು ಬರೆದಾಗ, "ಇದು ನಮ್ಮಲ್ಲೂ ಪಿತ್ತರಸಂ!" ಎಂದರಂತೆ ಅವರು. ಇದು ಪರಿಹಾರವಲ್ಲ. ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕು, ಅದನ್ನು ಕೇಳುತ್ತಲೇ ಇರುತ್ತೇವೆ. ಆದರೆ ಅವರು ಕೊಟ್ಟ ಪಿರಿಯಡ್‌ಗಳ ಋಣ ನಮ್ಮ ಮೇಲಿದೆ.

ಆಪರೇಷನ್ನಿನಲ್ಲಿ ಸಿಕ್ಕಿದ ಕಲ್ಲುಗಳನ್ನು ಡಾಕ್ಟರು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ಅದೀಗ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿದೆ. ಹತ್ತೊಂಬತ್ತು ಕಲ್ಲುಗಳು, ಮಕ್ಕಳು ಎಣಿಸಿದ ಲೆಕ್ಕ.

ಸಹೋದ್ಯೋಗಿಗಳಲ್ಲಿ ಒಂದು ಮಾತು. ಕಣ್ಣು ಹಳದಿಯಾದರೆ, ಅದರಲ್ಲೂ ಹೊಟ್ಟೆನೋವೋ ಚಳಿಜ್ವರವೋ ಜೊತೆಗಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ. ಪಾಠ ಆಮೇಲೆ ಮುಗಿಸಬಹುದು. ಮತ್ತೆ, ನೋವಿಗೆ ಮಾರ್ಕು ಹಾಕುವಾಗ ದಯವಿಟ್ಟು ಜಿಪುಣತನ ಮಾಡಬೇಡಿ.